ನೀರು ಹೋದದ್ದೆಲ್ಲಿ?

ಲಕ್ಕಿ ಸೊಪ್ಪಿನ ವಾಸನೆ ಮೂಗಿಗೆ ಬಂದದ್ದೇ ನನಗೆ ಅಜ್ಜಿಮನೆಯ ಬಚ್ಚಲು ನೆನಪಾಯಿತು. ಚಿಕ್ಕಮ್ಮ ಬಾಣಂತಿಯಾಗಿದ್ದಾಗ ಅಲ್ಲಿ ಅವಳ ಸ್ನಾನಕ್ಕೆ ಹಂಡೆ ತುಂಬ ಈ ಸೊಪ್ಪು ಕುದಿಯುತ್ತಿತ್ತು. ಕಹಿ, ಖಾರ, ಜೊತೆಗಿಷ್ಟು ಸೌದೆಯ ಹೊಗೆ. ಶಾಲೆಯಿಂದ ಬರುವಾಗ ಅಂಗಳಕ್ಕೇ ಆ ವಾಸನೆ ಹಬ್ಬಿರುತ್ತಿತ್ತು. ಒಳಗೊಂದು ಪುಟ್ಟ ಜೀವ ಇದೆ, ಗಲಾಟೆ ಮಾಡಬಾರದು ಎಂದು ನಾವು ಮಕ್ಕಳು ಕಾಲ್ಬೆರಳ ಮೇಲೆ ನಡೆಯುತ್ತಿದ್ದೆವು.

ಈಗ ಆ ವಾಸನೆ ಬಂದದ್ದು ಕುಂದಾಪುರದ ಆಸ್ಪತ್ರೆಯಲ್ಲಿ, ಡಾಕ್ಟರ್ ಪ್ರೇಮಾನಂದರ ಮೇಜಿನ ಮೇಲಿನಿಂದ.

"ಇದೇ ನೋಡಿ ಪ್ರಫುಲ್ಲಾ ಮೇಡಂ, ಆ ಹುಡುಗಿಯನ್ನು ಕೊಂದದ್ದು," ಎಂದು ಅವರು ಒಣಗಿದ ಸೊಪ್ಪಿನ ಕಟ್ಟೊಂದನ್ನು ನನ್ನ ಕಡೆಗೆ ಸರಿಸಿದರು. "ಸಿಸೇರಿಯನ್ ಆದ ಹೊಟ್ಟೆ. ಮನೆಗೆ ಕರೆದುಕೊಂಡು ಹೋದವರೇ ಬಿಸಿನೀರು ಹೊಯ್ದಿದ್ದಾರೆ. ಹೊಲಿಗೆ ನೆನೆದು ಕೀವಾಗಿ, ನಂಜು ಮೈಗೆಲ್ಲ ಏರಿತು. ತಾಯಿಯೇ ಮಗಳನ್ನು ಕಳೆದುಕೊಂಡಳು. ನಾನೇನು ಮಾಡಲಿ?"

ಆ ಹುಡುಗಿ ಎಂದರೆ ಕಿರಿಮಂಜೇಶ್ವರದ ನವ್ಯಶ್ರೀ. ತಾಯಿ ಚಂದ್ರಾವತಿ ಬಹಳ ವರ್ಷಗಳಿಂದ ನಮ್ಮ ಬೀದಿಗೆ ಮೀನು ತರುವವಳು. ಮಗಳ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮೇಲೆ, ಬರಿಗೈಯಲ್ಲಿ ನನ್ನ ಮನೆ ಮೆಟ್ಟಿಲಿಗೆ ಬಂದು ಕೂತು ಅವಳು ಕೇಳಿದ್ದು ಒಂದೇ ಮಾತು. "ಅಮ್ಮ, ನಾನ್ ಕೊಂದ್ನಾ ಇಲ್ಲ್ಯಾ, ಅದೊಂದ್ ಕಂಡ್ಕಂಡ್ ಹೇಳಿ."

ನಾಳೆ ಬಸ್ರೂರಿನಲ್ಲಿ ಅಳಿಯನ ಮನೆಯವರು ಪಂಚಾತಿಗೆಗೆ ಹಿರಿಯರನ್ನು ಕೂರಿಸುತ್ತಾರೆ; ಮಗು ಈಗ ಅಲ್ಲೇ ಇದೆ. ಅಳಿಯಸಂತಾನದ ಅವರ ಕಟ್ಟಳೆಯಲ್ಲಿ ಮಗು ತಾಯಿಯ ಬಳಿಗೆ, ಅಂದರೆ ಅವಳ ಕುಲಕ್ಕೆ, ಸೇರಿದ್ದು. ತಾಯಿ ಇಲ್ಲದಿದ್ದರೆ ಅಜ್ಜಿಯ ಮಡಿಲಿಗೆ. ಆದರೆ 'ಕೊಂದವಳ ಕೈಗೆ ಮಗು ಕೊಡುವುದು ಹೇಗೆ' ಎಂದು ಅವರು ಕೇಳುತ್ತಿದ್ದಾರೆ. ಆ ಮಾತಿಗೆ ಬಲ ಕೊಟ್ಟದ್ದು ಈ ಮೇಜಿನ ಹಿಂದೆ ಕೂತಿದ್ದ ಮನುಷ್ಯ.

"ಈ ಸೊಪ್ಪು ನಿಮ್ಮ ಹತ್ತಿರ ಹೇಗೆ ಬಂತು?" ಎಂದೆ.

"ಅಳಿಯ ರೂಪೇಶನೇ ತಂದುಕೊಟ್ಟ. ಅತ್ತೆಯ ಬಚ್ಚಲಿನಲ್ಲಿ ಇತ್ತಂತೆ."

ನಾನು ಕಟ್ಟನ್ನು ಕೈಗೆತ್ತಿಕೊಂಡೆ. ನಿವೃತ್ತಿಯಾಗುವ ತನಕ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು ನಾನು. ಎಲೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಬಾಳೆನಾರಿನಿಂದ ಬಿಗಿದ ಗಂಟು ಹಾಗೇ ಇತ್ತು. ಎಲೆಗಳು ಒಣಗಿದ್ದರೂ ಬೂದುಹಸಿರು ಬಣ್ಣ ಬಿಟ್ಟಿರಲಿಲ್ಲ. ಒಂದೆಲೆ ಕಿತ್ತು ಬೆರಳಲ್ಲಿ ಉಜ್ಜಿದೆ. ಕೋಣೆ ತುಂಬ ವಾಸನೆ ಎದ್ದಿತು. ಡಾಕ್ಟರು ಮೂಗು ಮುಚ್ಚಿಕೊಂಡರು.

"ಡಾಕ್ಟ್ರೇ, ಕುದಿಸಿದ ಲಕ್ಕಿ ಎಲೆ ಕಪ್ಪಗೆ ಮುದುಡಿ ಹೋಗುತ್ತದೆ. ಉಜ್ಜಿದರೆ ಬರೀ ಚರಟ, ವಾಸನೆ ಎಲ್ಲ ನೀರಿಗೆ ಬಿಟ್ಟಿರುತ್ತದೆ. ಈ ಕಟ್ಟಿನ ಗಂಟನ್ನೇ ಯಾರೂ ಬಿಚ್ಚಿಲ್ಲ. ಇದು ನೀರನ್ನೇ ಕಂಡಿಲ್ಲ."

"ಬೇರೆ ಕಟ್ಟು ಇದ್ದಿರಬಹುದು."

"ಸಾಕ್ಷಿ ಅಂತ ನೀವು ಮೇಜಿನ ಮೇಲೆ ಇಟ್ಟುಕೊಂಡದ್ದು ಇದನ್ನೇ."

ಅವರು ಕುರ್ಚಿಗೆ ಒರಗಿದರು. ಕೆಟ್ಟ ಮನುಷ್ಯನೆಂದು ಅವರನ್ನು ಊರಲ್ಲಿ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಬೈಂದೂರು, ಮಧ್ಯಾಹ್ನ ಕುಂದಾಪುರ, ಸಂಜೆ ಬ್ರಹ್ಮಾವರ ಎಂದು ಅಗೆದು ಹಾಕಿದ ಹೆದ್ದಾರಿಯ ಧೂಳಿನಲ್ಲಿ ಓಡಾಡಿ ಹೆರಿಗೆ ಮಾಡಿಸುವವರು. ಅವರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಬೇರೆ ದಿನವಾಗಿದ್ದರೆ ನನಗೆ ಪಾಪ ಅನಿಸುತ್ತಿತ್ತೇನೋ.

"ಮೇಡಂ, ನೀವು ಓದಿದವರು, ನಿಮಗೆ ಹೇಳಬಹುದು. ಸಿಸೇರಿಯನ್ ಆದ ಮೇಲೆ ಸೋಂಕು ತಗಲುವುದಕ್ಕೆ ನೂರು ಕಾರಣ. ಕೆಲವರಿಗೆ ರಕ್ತ ಕಡಿಮೆ. ಕೆಲವರಿಗೆ ಸಕ್ಕರೆ ಕಾಯಿಲೆ, ಮೈಯಲ್ಲಿ ಬೊಜ್ಜು. ನೋವು ಶುರುವಾಗಿ ಎಷ್ಟೋ ಹೊತ್ತು ಮನೆಯಲ್ಲೇ ಇಟ್ಟುಕೊಂಡು ಕೊನೆಗೆ ಓಡಿಸಿಕೊಂಡು ಬರುತ್ತಾರೆ. ಮನೆಗೆ ಹೋದ ಮೇಲೆ ಸ್ವಚ್ಛತೆ ಇಲ್ಲ. ಮೀನಿನ ಬುಟ್ಟಿ, ಮೀನಿನ ನೀರು, ಎಲ್ಲ ಅಲ್ಲೇ. ನಾವು ಎಷ್ಟು ಅಂತ ತಡೆಯುವುದು?"

ನಾನು ಅವರ ಮಾತು ಮುಗಿಯುವ ತನಕ ಕಾದೆ. ಅವರು ಹೇಳಿದ ಕಾರಣಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಎಲ್ಲವೂ ಹೆಂಗಸರ ಮೈಮೇಲೆ, ಹೆಂಗಸರ ಮನೆಯೊಳಗೆ. ಆಸ್ಪತ್ರೆಯ ಬಾಗಿಲಿನಿಂದ ಈಚೆಗೆ ಒಂದು ಕಾರಣವೂ ಬಂದಿರಲಿಲ್ಲ. ನನ್ನ ಕಿವಿ ಬಿಸಿಯಾಗತೊಡಗಿತು.

"ಹಾಲಾಡಿಯ ಶ್ರೀಲತಾ ಗೊತ್ತಲ್ಲ ನಿಮಗೆ?" ಎಂದೆ.

ಇಲ್ಲಿ ಹೆತ್ತವರ ಮನೆಗಳಿಗೆ ಹೋಗಿ ವಿಚಾರಿಸಿಕೊಂಡೇ ಬಂದಿದ್ದೆ.

"ನೀವೇ ದಿನ ಗೊತ್ತುಮಾಡಿ ಆಪರೇಷನ್ ಮಾಡಿದ್ದು. ನೋವೂ ಬಂದಿರಲಿಲ್ಲ. ಕಡ್ಡಿಯ ಹಾಗಿದ್ದಾಳೆ, ಸಕ್ಕರೆ ಇಲ್ಲ, ರಕ್ತ ಬೇಕಾದಷ್ಟಿದೆ. ಅವಳ ಹೊಲಿಗೆ ಬಾಯಿ ಬಿಟ್ಟಿತು. ಬ್ರಹ್ಮಾವರದ ಹರ್ಷಾಳಿಗೆ ಸಕ್ಕರೆ ಇತ್ತು, ಒಪ್ಪಿದೆ. ಅವಳು ಇನ್ನೂ ಹಾಸಿಗೆಯಲ್ಲಿದ್ದಾಳೆ. ನವ್ಯಶ್ರೀ ಮೀನುಗಾರರ ಹುಡುಗಿ, ಗಟ್ಟಿಮುಟ್ಟಾಗಿದ್ದಳು. ಅವಳು ಇಲ್ಲ. ಈ ಮೂವರಲ್ಲಿ ಸಮ ಅನ್ನುವಂಥದ್ದು ಏನೂ ಇಲ್ಲ ಡಾಕ್ಟ್ರೇ. ಸಮ ಇರುವುದು ನಿಮ್ಮ ಈ ಆಸ್ಪತ್ರೆಯ ಆಪರೇಷನ್ ಮೇಜು ಒಂದೇ. ಅದೂ ಒಂದೇ ವಾರದಲ್ಲಿ."

"ನೀವು ಏನು ಹೇಳುತ್ತಿದ್ದೀರಿ ಅಂತ ಗೊತ್ತಿದೆಯಾ?"

"ನಾನು ಹೇಳುತ್ತಿಲ್ಲ, ಕೇಳುತ್ತಿದ್ದೇನೆ. ಸೋಂಕು ತಡೆಯುವ ಇಂಜೆಕ್ಷನ್ ಕೊಯ್ಯುವ ಮೊದಲು ಕೊಟ್ಟಿರಾ, ಆಮೇಲೆ ಕೊಟ್ಟಿರಾ?"

ಡಾಕ್ಟರ ಹುಬ್ಬು ಮೇಲೇರಿತು. "ಮಗು ಹೊರಗೆ ಬಂದ ಮೇಲೆ ಕೊಡುವುದು ಇಲ್ಲಿಯ ಕ್ರಮ. ಮದ್ದು ಮಗುವಿಗೆ ಹೋಗಬಾರದು ಅಂತ."

"ಈಗ ಮೊದಲೇ ಕೊಡುತ್ತಾರಂತೆ. ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳು ಈಗ ನಿಮ್ಮ ಹಾಗೇ ಡಾಕ್ಟರು. ಅವಳು ಹೇಳಿದಳು. ನೀವು ಬೈಂದೂರಿನಿಂದ ಬರುವ ತನಕ ನವ್ಯಶ್ರೀಯನ್ನು ಎಷ್ಟು ಜನ ಒಳಗೆ ಕೈ ಹಾಕಿ ಪರೀಕ್ಷೆ ಮಾಡಿದರು? ಅದೂ ಲೆಕ್ಕಕ್ಕೆ ಬರುತ್ತದಂತೆ."

ಡಾಕ್ಟರು ಎದ್ದೇ ನಿಂತರು. ಧ್ವನಿ ಮಾತ್ರ ಏರಲಿಲ್ಲ.

"ಕೇಳಿ ಮೇಡಂ. ಸ್ನಾನದ ಮಾತು ಬಿಡಿ, ಅದು ಹೋಗಲಿ. ಆ ಹುಡುಗಿ ಇಲ್ಲಿಗೆ ಬರುವಾಗಲೇ ನೀರು ಹೋಗಿತ್ತು. ಗರ್ಭದ ನೀರು. ಅದು ಹೋದ ಮೇಲೆ ತಡ ಮಾಡಿದಷ್ಟೂ ಒಳಗೆ ಸೋಂಕು ಏರುತ್ತದೆ. ಮನೆಯಲ್ಲಿ ಬೆಳಿಗ್ಗೆಯೇ ಹೋಗಿತ್ತು. ಹಾಗೇ ಕೂರಿಸಿಕೊಂಡಿದ್ದಾರೆ. ಇದನ್ನು ನಾನು ಕಲ್ಪಿಸಿ ಹೇಳಿದ್ದಲ್ಲ. ತಾಯಿಯೇ ಬಾಯಿಬಿಟ್ಟು ನಮ್ಮ ನರ್ಸಿಗೆ ಹೇಳಿದ್ದು. ಹೋಗಿ ಅವಳನ್ನೇ ಕೇಳಿ. ಇಲ್ಲ ಅಂದರೆ ನಾನು ನಿಮ್ಮ ಮನೆಗೆ ಬಂದು ಕ್ಷಮೆ ಕೇಳುತ್ತೇನೆ."

"ಆ ನರ್ಸನ್ನು ಕರೆಯಿರಿ."

"ದಾವಣಗೆರೆ ಕಡೆಯ ಹುಡುಗಿ. ಕೆಲಸ ಬಿಟ್ಟು ಊರಿಗೆ ಹೋದಳು."

ನಾನು ಎದ್ದೆ. ತಾಯಿಯೇ ಹೇಳಿದ್ದಾಳೆಂದರೆ? ಚಂದ್ರಾವತಿ ಇದನ್ನು ನನ್ನಿಂದ ಮುಚ್ಚಿಟ್ಟಿದ್ದಾಳೆಯೇ? ಅವಳ ಒಂದೇ ಒಂದು ಪ್ರಶ್ನೆಗೆ ಉತ್ತರ 'ಹೌದು' ಎಂದಾಗಿಬಿಟ್ಟರೆ?

ಬೆರಳಿಗೆ ಅಂಟಿದ ಸೊಪ್ಪಿನ ಕಸ ತೊಳೆಯಲು ಹೊರಗಿನ ಬೇಸಿನ್ನಿನ ಬಳಿ ಹೋದೆ. ಆಯಾ ಹೆಂಗಸೊಬ್ಬಳು ಓಡಿ ಬಂದು, ಕೆಳಗಿದ್ದ ಬಕೆಟ್ಟಿನಿಂದ ಚೊಂಬಿನಲ್ಲಿ ನೀರೆತ್ತಿ ನನ್ನ ಕೈಗೆ ಹೊಯ್ದಳು. ವಯಸ್ಸಾದವಳು ಬಗ್ಗಬಾರದೆಂದು ತಾನೇ ಬಗ್ಗಿದಳು. ಒರೆಸಿಕೊಳ್ಳಲು ಸೆರಗಿನ ಒಣ ಭಾಗವನ್ನೇ ಹುಡುಕಿ ಕೊಟ್ಟಳು. ಆ ಕಟ್ಟಡದಲ್ಲಿ ಅಂದು ನನಗೆ ಸಿಕ್ಕ ಒಳ್ಳೆಯದು ಅದೊಂದೇ.

ಹೊರಗೆ, ನನ್ನನ್ನು ಕರೆತಂದಿದ್ದ ಆಟೋದವನು ಗುಡ್ಡ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ. ಕಿರಿಮಂಜೇಶ್ವರದವನೇ. ಅಲ್ಲಿಂದ ಮೀನಿನ ಹೆಂಗಸರನ್ನು ಹೇರಿಕೊಂಡು ಬರುವವನು.

"ಹ್ವಾಯ್ ಟೀಚರ್! ನೀವ್ ಒಳಗೆ ಹೊಕ್ರೆ ಹೊರಗೆ ಬಪ್ಪುದೇ ಮರೀತ್ರಿ ಮಾರಾಯ್ರೆ. ಇನ್ನೊಂಚೂರ್ ತಡ ಆಗಿದ್ರೆ ನಂಗೂ ಒಂದ್ ಗ್ಲುಕೋಸ್ ಹಾಕಿ ಮಲಗ್ಸ್ತಿದ್ರ್."

"ನಿನ್ನ ಸೊಂಟಕ್ಕೆ ಸಾಲುವ ಮಂಚ ಇಲ್ಲೆ ಅವ್ರ ಹತ್ರ. ನಡಿ, ಚಂದ್ರಾವತಿ ಮನಿಗೆ."

ನನ್ನ ದನಿಯಲ್ಲೇನೋ ಇದ್ದಿರಬೇಕು. ಅವನು ನಗು ನುಂಗಿ ಗಾಡಿ ಚಾಲೂ ಮಾಡಿದ.

ಸೇತುವೆ ದಾಟುವಾಗ ಉಪ್ಪುಗಾಳಿ ಮುಖಕ್ಕೆ ಹೊಡೆಯಿತು. ನಾನು ಸೀಟಿನ ಅಂಚು ಹಿಡಿದುಕೊಂಡೆ. ಬೆರಳಿಗೆ ತಣ್ಣಗೆ, ಜಾರುವಂಥದ್ದೇನೋ ತಾಗಿತು. ಮೀನಿನ ನೀರು ಸೀಟಿಗೆ ಇಳಿಯದಂತೆ ಹಾಸಿದ ದಪ್ಪ ನೀಲಿ ಟರ್ಪಾಲು.

"ಗುಡ್ಡ, ನವ್ಯಶ್ರೀಯನ್ನ ಆಸ್ಪತ್ರಿಗೆ ಕರ್ಕೊಂಡ್ ಬಂದದ್ದ್ ಯಾರ್?"

"ನಾನೇ ಅಲ್ದಾ? ಬೆಳಿಗ್ಗೆ ಮೀನಿಗ್ ಹೋಪುಕೆ ಹೊರಟದ್ದ್. ಚಂದ್ರಕ್ಕ ಕೂಗ್ದ್ಲ್. ಮೀನ್ ಹಾಳಾಯ್ಲಿ ಅಂದೇಳಿ ತಿರ್ಗ್ಸ್ದೆ."

"ಈ ಟರ್ಪಾಲಿನ ಮೇಲೇ ಕೂಕಂಡಿದ್ಲಾ?"

"ಎಂತ ಕೇಂತ್ರಿ ಟೀಚರ್!" ಅವನಿಗೆ ನಿಜವಾಗಿಯೂ ಬೇಜಾರಾಯಿತು. "ಬಸ್ರಿ ಹೆಂಗ್ಸ್. ಇದ್ರ್ ವಾಸ್ನಿಗೆ ಅಲ್ಲೇ ವಾಂತಿ ಮಾಡ್ಕಣ್ತಿದ್ಲ್. ಟರ್ಪಾಲ್ ಕಿತ್ತ್ ಬಿಸಾಕಿ ಮನಿ ಒಳಗಿನ ಜಮಖಾನ ತಂದ್ ಹಾಸ್ದೆ. ನನ್ ಮದುವಿಯಲ್ಲಿ ಮಾವಯ್ಯ ಕೊಟ್ಟದ್ದ್. ಅದ್ರ್ ಮೇಲೆ ನಾನೇ ಕೂಕಂಡ್ದಿಲ್ಲೆ ಇಷ್ಟರ್ವರೆಗೆ."

ನಾನು ಮುಂದಕ್ಕೆ ಬಾಗಿದೆ.

"ಅವಳು ಇಳ್ದ ಮೇಲೆ ಜಮಖಾನ ಒದ್ದೆ ಆಗಿತ್ತಾ?"

"ಇಲ್ಲೆ."

"ಒಂಚೂರೂ?"

"ಒಂದ್ ಹನಿ ಇಲ್ಲೆ. ನಾನ್ ಕಾಣ್ದಿದ್ರೂ ನಮ್ಮನೆಯವ್ಳ್ ಬಿಡ್ತ್ಲಾ? ಬೆಳಕಿಗೆ ಹಿಡ್ದ್ ಕಂಡ್ಲ್. ಮೂಸಿ ಕಂಡ್ಲ್. ನನ್ನ ಅಪ್ಪಯ್ಯ ಕೊಟ್ಟ ಜಮಖಾನ ಆಟೋಕ್ಕೆ ಹಾಸ್ತ್ಯಾ ಅಂದೇಳಿ ನಂಗೆ ಆವತ್ತ್ ಊಟವೇ ಹಾಕ್ಲಿಲ್ಲೆ. ಒದ್ದೆ ಆಗಿದ್ರೆ ನಾನ್ ಈಗ ನಿಮ್ಮ ಗಾಡಿ ಹೊಡೂಕೆ ಜೀವ ಸಮೇತ ಇರ್ತಿರ್ಲಿಲ್ಲೆ."

ನನಗೆ ನಗು ಬಂತು. ಅದರ ಹಿಂದೆಯೇ ಕಣ್ಣೂ ಮಂಜಾಯಿತು. ಯಾರೂ ಕೇಳದೆ ಹಾಸಿದ ಒಂದು ಜಮಖಾನ. ಆ ಹುಡುಗಿ ಹೆರಿಗೆಗೆ ಹೊರಟ ಪ್ರಯಾಣ ಮೀನುನೀರಿನಲ್ಲಿ ಆಗಲಿಲ್ಲವಲ್ಲ.

ಆದರೆ ಹಾಗಾದರೆ, ಮನೆಯಿಂದ ಹೊರಡುವಾಗ ನೀರು ಹೋಗಿರಲೇ ಇಲ್ಲ. ಹೋಗಿದ್ದರೆ ಅಷ್ಟು ದೂರದ ಹೆದ್ದಾರಿಯ ಹೊಂಡಗುಂಡಿಯಲ್ಲಿ ಜಮಖಾನ ಒಣಗಿಯೇ ಉಳಿಯುವ ಮಾತಿಲ್ಲ.

ಮತ್ತೆ ಚಂದ್ರಾವತಿ 'ಬೆಳಿಗ್ಗೆಯೇ ಹೋಯಿತು' ಎಂದದ್ದೇಕೆ?

ಚಂದ್ರಾವತಿಯ ಮನೆ ಕಡಲಿಗೆ ಹತ್ತಿರ. ಚಾವಡಿಯಲ್ಲಿ ಮೀನಿನ ಬುಟ್ಟಿ ಬೋರಲಾಗಿ ಬಿದ್ದಿತ್ತು. ಮಗಳು ಹೋದ ಮೇಲೆ ಅವಳು ವ್ಯಾಪಾರಕ್ಕೆ ಹೊರಟಿರಲಿಲ್ಲ. ನನ್ನನ್ನು ಕಂಡು ಎದ್ದು, ಚಾಪೆ ಹಾಸಿ, ತಾನು ನೆಲದ ಮೇಲೆ ಕೂತಳು. ತಲೆ ಎತ್ತಿ ಮುಖ ನೋಡಿದಳು.

ನಾನೇ ಶುರುಮಾಡಿದೆ. "ಲಕ್ಕಿ ಸೊಪ್ಪ್ ತಂದಿಟ್ಟಿದ್ಯಲ್ದಾ. ಅದನ್ನ ಬಿಚ್ಚಲೇ ಇಲ್ಲ್ಯಾ?"

"ಯಾರಿಗ್ ಬಿಚ್ಚುದ್ ಅಮ್ಮ? ಆಸ್ಪತ್ರಿಂದ ಕರ್ಕಂಡ್ ಬಪ್ಪತಿಗೇ ಮೈ ಸುಡ್ತಿತ್ತ್. ಜ್ವರ ಇತ್ತ್ ಅಂದೆ. ಹಾಲ್ ಕಟ್ಟಿದ್ದಕ್ಕೆ ಬಪ್ಪುದ್, ಹೋಯ್ನಿ ಅಂದ್ರ್. ಜ್ವರ ಇಪ್ಪವ್ರಿಗೆ ನೀರ್ ಹೊಯ್ದ್ ಮೀಸುಕಾತ್ತಾ? ನಾನೂ ಮೂರ್ ಹೆತ್ತವ್ಳೇ."

ಆಸ್ಪತ್ರೆಯಿಂದ ಹೊರಡುವಾಗಲೇ ಜ್ವರ! ಇದನ್ನು ಡಾಕ್ಟರು ನನಗೆ ಹೇಳಿರಲಿಲ್ಲ. ಹಾಲಿನ ಜ್ವರ ಎಂದು ಕಳಿಸಿಬಿಟ್ಟು, ಆಮೇಲೆ ಬಚ್ಚಲಿನಿಂದ ಬಂದ ಸೊಪ್ಪನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು.

ಸಿಟ್ಟು ನುಂಗಿಕೊಂಡೆ. ಕೇಳಬೇಕಾದ್ದು ಇನ್ನೂ ಇತ್ತು.

"ಚಂದ್ರಾವತಿ, ಸರೀ ನೆನಪ್ ಮಾಡ್ಕೊ. ಆಸ್ಪತ್ರಿಯಲ್ಲಿ ಒಬ್ಳು ನರ್ಸ್ ನಿನ್ನ ಹತ್ರ ನೀರಿನ ವಿಷಯ ಕೇಂಡ್ಳಾ?"

"ಕೇಂಡ್ಲ್. ಹೊಸ ಹುಡ್ಗಿ, ಪಾಪ. ಬಯಲ್‌ಸೀಮಿ ಕನ್ನಡ. ಅವ್ಳ್ ಹೇಳುದ್ ನಂಗೆ ಅರ್ಧ ಗೊತ್ತಾತಿರ್ಲಿಲ್ಲೆ, ನಾನ್ ಹೇಳುದ್ ಅವ್ಳಿಗೆ ಅಷ್ಟೂ ಗೊತ್ತಾತಿರ್ಲಿಲ್ಲೆ."

"ಎಂತ ಕೇಂಡ್ಳ್? ಅವಳ ಮಾತಲ್ಲೇ ಹೇಳ್."

ಚಂದ್ರಾವತಿ ನೆಲ ನೋಡುತ್ತ ನೆನಪಿಸಿಕೊಂಡಳು. "ನಾನ್ ಬಕೆಟ್ ಹಿಡ್ಕಂಡ್ ಜಗಲಿಯಲ್ಲಿ ಓಡ್ತಿದ್ದೆ. ಅವ್ಳ್ ಎದುರ್ ಸಿಕ್ಕಿ, 'ಅಮ್ಮಾ, ನೀರು ಯಾವಾಗ ಹೋಯ್ತು?' ಅಂತ ಕೇಂಡ್ಲ್."

"ನೀನೆಂತ ಅಂದೆ?"

"ಬೆಳಿಗ್ಗೆಯೇ ಹೋಯ್ತ್ ಅಂದೆ. ನಾವ್ ಬಪ್ಪತಿಗೇ ಇರ್ಲಿಲ್ಲೆ ಅಂದೆ."

"ಯಾವ ನೀರು?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ನಳ್ಳಿ ನೀರ್. ಇನ್ಯಾವ್ದ್ ಅಮ್ಮ?"

ಬಾಗಿಲಲ್ಲಿ ನಿಂತಿದ್ದ ಗುಡ್ಡ ಬೀಡಿಗೆ ಕಡ್ಡಿ ಗೀರಲು ಹೊರಟವನು ಹಾಗೇ ನಿಂತ.

"ನಿನ್ನ ಮಗಳಿಗೆ ನೀರು ಒಡೆದದ್ದ್ ಯಾವಾಗ?"

"ಅದಾ? ಅದ್ ಮಧ್ಯಾಹ್ನದ ಮೇಲೆ. ಅಲ್ಲೇ, ಮಂಚದ್ ಮೇಲೆ. ಒಬ್ರ್ ಮೇಲ್ ಒಬ್ರ್ ಬಂದ್ ಕೈ ಹಾಕಿ ಕಂಡ್ಕಂಡ್ ಹೋತಿದ್ರ್. ಹಾಂಗೆ ಕಾಂತಾ ಇಪ್ಪತಿಗೇ ಒಡ್ದದ್ದ್. ಅದನ್ನ ಯಾರೂ ನನ್ನ ಕೇಂಡ್ಲಿಲ್ಲೆ."

ನಮ್ಮ ಕುಂದಾಪುರದ ಬದಿಯಲ್ಲಿ ಗರ್ಭದ ನೀರು 'ಒಡೆಯುತ್ತದೆ'. ಕೊಳಾಯಿಯ ನಳ್ಳಿಯದಾದರೆ 'ಹೋಗುತ್ತದೆ'. ದಾವಣಗೆರೆಯ ಆ ಹುಡುಗಿ ಗರ್ಭದ ನೀರು ಕೇಳಿದಳು. ಬಕೆಟ್ ಹಿಡಿದ ತಾಯಿ ನಳ್ಳಿಯದು ಹೇಳಿದಳು. ಇಬ್ಬರೂ ಸುಳ್ಳು ಹೇಳಲಿಲ್ಲ. ಆ ಒಂದು ಮಾತನ್ನು ಹಿಡಿದುಕೊಂಡು ಒಬ್ಬ ಅಜ್ಜಿಯ ಮಡಿಲನ್ನು ಮಗುವಿಗೆ ತಪ್ಪಿಸಲು ಬಸ್ರೂರಿನಲ್ಲಿ ಜಮಖಾನ ಹಾಸುವ ತಯಾರಿ ನಡೆದಿತ್ತು.

"ಹಾಂಗಾರೆ ನಾನಲ್ಲ?" ಚಂದ್ರಾವತಿಯ ದನಿ ಕೇಳಿಸಿಯೂ ಕೇಳಿಸದ ಹಾಗಿತ್ತು.

"ನೀನಲ್ಲ."

ಅವಳು ಅಳಲಿಲ್ಲ. ಎದುರಿಗಿದ್ದ ಬುಟ್ಟಿಯನ್ನು ಎತ್ತಿ ಸರಿಯಾಗಿ ಇಟ್ಟಳು. ಅದರ ಅಂಚನ್ನು ಒಂದೆರಡು ಸಲ ಸವರಿದಳು.

ನನ್ನ ತಲೆಯಲ್ಲಿ ಮಾತ್ರ ಇನ್ನೊಂದು ವಿಷಯ ಈಗಷ್ಟೇ ಬಾಗಿಲು ತಟ್ಟುತ್ತಿತ್ತು. ನಳ್ಳಿ ನೀರು ಬೆಳಿಗ್ಗೆಯೇ ಹೋಗಿತ್ತು. ಆಪರೇಷನ್ ಆದದ್ದು ಸಂಜೆ. ಕೈ ತೊಳೆದದ್ದು ಯಾವುದರಲ್ಲಿ? ಕತ್ತರಿ, ಚಿಮುಟ ಬೇಯಿಸಿದ್ದು ಯಾವುದರಲ್ಲಿ? ಇವತ್ತು ಕೂಡ ಬೇಸಿನ್ನಿನ ಕೆಳಗೆ ಬಕೆಟ್ ಇತ್ತು. ನನ್ನ ಕೈಗೆ ಆಯಾ ನೀರು ಹೊಯ್ದದ್ದು ಚೊಂಬಿನಿಂದ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಮರ್ಯಾದೆಯೂ ಹೌದು, ನಳ್ಳಿಯಲ್ಲಿ ನೀರಿಲ್ಲದ್ದೂ ಹೌದು.

ಬೇಸಿಗೆಯಲ್ಲಿ ನಮ್ಮೂರ ಬಾವಿಗಳು ಉಪ್ಪಾಗುವುದು, ನಳ್ಳಿ ಒಣಗುವುದು ಯಾರಿಗೆ ಗೊತ್ತಿಲ್ಲ? ನೀರಿಲ್ಲದಿದ್ದರೆ ನೀರಿಲ್ಲ ಎನ್ನಬೇಕು. ಬಂದ ಬಸುರಿಯರನ್ನು ಬೇರೆ ಕಡೆ ಕಳಿಸಬೇಕು. ಅದು ಬಿಟ್ಟು ಬಾಗಿಲು ತೆರೆದಿಟ್ಟು, ಹೊಟ್ಟೆ ಕೊಯ್ದು, ಆಮೇಲೆ ಮೀನಿನ ಬುಟ್ಟಿಯ ಕಡೆಗೆ ಬೆರಳು ತೋರಿಸುವುದೇ? ಸ್ವಚ್ಛತೆ ಇಲ್ಲ ಎಂದಿದ್ದರು. ಹೌದು ಡಾಕ್ಟ್ರೇ, ಇರಲಿಲ್ಲ.

ಆಗ ಮನೆಯ ಮುಂದೆ ಟೆಂಪೋ ಬಂದು ನಿಂತ ಸದ್ದಾಯಿತು.

ಇಳಿದವನು ರೂಪೇಶ, ನವ್ಯಶ್ರೀಯ ಗಂಡ. ಗಂಗೊಳ್ಳಿ ಬಂದರಿನಿಂದ ಸಂತೆಗಳಿಗೆ ಮೀನು ಸಾಗಿಸುವ ಟೆಂಪೋ ಅವನದು. ಕೆನ್ನೆಯಲ್ಲಿ ಗಡ್ಡ ಬೆಳೆದಿತ್ತು. ನನ್ನನ್ನು ಕಂಡು ಮೆಟ್ಟಿಲಲ್ಲೇ ತಡೆದು ನಿಂತ.

"ಅತ್ತಿ, ಮಗಿನ ತೊಟ್ಲ್ ಬಟ್ಟಿ ಬೇಕಿತ್ತ್," ಎಂದ, ಅತ್ತೆಯ ಮುಖ ನೋಡದೆ. "ಮತ್ತೆ ನಾಳೆ ನೀವ್ ಬಪ್ಪುದ್ ಬೇಡ ಅಂಬ್ರ್ ನಮ್ಮನೆಯಲ್ಲಿ. ಅವ್ರೇ ಮಾತಾಡಿ ತೀರ್ಮಾನ ಮಾಡ್ತ್ರಂಬ್ರ್."

"ಅವಳು ಬತ್ಲ್," ಎಂದೆ ನಾನು. "ಅವಳ ಜೊತೆ ನಾನೂ ಬತ್ತೆ. ಕೂಕೊ ರೂಪೇಶ."

ಅವನು ಕೂರಲಿಲ್ಲ. ಸೊಪ್ಪಿನ ಗಂಟು ಬಿಚ್ಚದ್ದನ್ನು ಹೇಳಿದೆ. ಗುಡ್ಡನ ಜಮಖಾನ ಹೇಳಿದೆ. ಬಾಗಿಲಲ್ಲಿದ್ದ ಗುಡ್ಡ "ಬೇಕಾರೆ ನಮ್ಮನೆಯವ್ಳನ್ನೇ ಕರ್ಕಂಡ್ ಬತ್ತೆ ಪಂಚಾತಿಗೆಗೆ. ಹಿರಿಯರೆಲ್ಲ ಎದ್ದ್ ಓಡ್ತ್ರ್," ಎಂದು ಸೇರಿಸಿದ. ರೂಪೇಶನ ಮುಖದಲ್ಲಿ ಏನೂ ಕದಲಲಿಲ್ಲ.

"ಆಸ್ಪತ್ರಿಯ ನಳ್ಳಿಯಲ್ಲಿ ಆವತ್ತ್ ನೀರೇ ಇರ್ಲಿಲ್ಲೆ," ಎಂದೆ. ದನಿ ಏರಿದ್ದು ನನಗೇ ಗೊತ್ತಾಯಿತು. "ನೀರಿಲ್ಲದೆ ನಿನ್ನ ಹೆಂಡ್ತಿಯ ಹೊಟ್ಟೆ ಕೊಯ್ದ್ರ್. ನೀನ್ ನೋಡಿದ್ರೆ ಇವಳ ಬಚ್ಚಲಿನ ಸೊಪ್ಪ್ ಹೊತ್ಕಂಡ್ ಹೋಗಿ ಅವ್ರಿಗೇ ಕೊಟ್ಟೆ!"

ಅವನು ಮೆಟ್ಟಿಲಿಂದ ಒಂದು ಹೆಜ್ಜೆ ಮೇಲೆ ಬಂದ.

"ನೀರ್ ಇತ್ತ್," ಎಂದ.

"ಎಲ್ಲಿತ್ತ್?"

ಅವನು ಕಂಬ ಹಿಡಿದುಕೊಂಡು ನಿಧಾನವಾಗಿ ಕುಸಿದು ಕೂತ.

"ನಾನೇ ತಂದ್ ಕೊಟ್ಟದ್ದ್."

ಚಂದ್ರಾವತಿ ತಲೆ ಎತ್ತಿದಳು.

"ಫೋನ್ ಬಂತ್. ನೀರ್ ಇಲ್ಲೆ, ಆಪರೇಷನ್ ನಿಲ್ಲತ್ತ್, ನಿನ್ನ ಹೆಂಡ್ತಿದೇ ಕೇಸ್, ಎಲ್ಲಿಂದಾರೂ ಒಂದ್ ಲೋಡ್ ತಾ ಅಂದ್ರ್. ನನ್ನ ಹತ್ರ ಮೀನಿನ ಡ್ರಮ್ ಬಿಟ್ರೆ ಬೇರೆಂತ ಇತ್ತ್? ಬಂದರ್ ಹತ್ರದ ಬಾವಿಂದ ತುಂಬ್ಸ್ದೆ. ಅವ್ರ ಮಾಡಿನ ಮೇಲಿನ ಟ್ಯಾಂಕಿಗೆ ಹತ್ತ್‌ಸ್ದೆ." ಅವನ ಮಾತು ತೊದಲತೊಡಗಿತು. "ತೊಳ್ದಿದ್ದೆ ಅತ್ತಿ. ಡ್ರಮ್ ತೊಳ್ದಿದ್ದೆ. ಸೋಪ್ ಹಾಕಿ, ಹೊಯ್ಗಿ ಹಾಕಿ ತಿಕ್ಕಿದ್ದೆ. ಹಾಂಗಿದ್ರೂ ವಾಸ್ನಿ ಹೋಯ್ಲಿಲ್ಲೆ. ಮದ್ದ್ ಹಾಕ್ತ್ರ್, ಬೇಯ್ಸ್ತ್ರ್, ನಿಂಗೆಂತಕೆ ಅಂದ್ರ್. ನಾನ್ ನಂಬ್ದೆ."

ನನ್ನ ಸಿಟ್ಟು ಎಲ್ಲಿ ಹೋಗಿ ನಿಲ್ಲಬೇಕೆಂದು ತಿಳಿಯದೆ ಒಮ್ಮೆ ಸುತ್ತಾಡಿತು. ಹೆಂಡತಿಯ ಆಪರೇಷನ್ನಿಗೆ ಗಂಡನ ಕೈಯಿಂದಲೇ, ಮೀನಿನ ಡ್ರಮ್ಮಿನಲ್ಲಿ ನೀರು ಹೊರಿಸಿದ ಆಸ್ಪತ್ರೆ! ಆಮೇಲೆ ಎಷ್ಟು ದಿನ ಅದೇ ಟ್ಯಾಂಕು? ಶ್ರೀಲತಾಳಿಗೂ ಅದೇ? ಹರ್ಷಾಳಿಗೂ ಅದೇ?

"ಇದನ್ನ ಯಾಕೆ ಇಷ್ಟ್ ದಿನ ಹೇಳ್ಲಿಲ್ಲೆ?"

"ಹೇಂಗ್ ಹೇಳುದ್?" ಎಂದು ಅವನು ಕೂಗಿದ. ಕೂಗಿದ ಮೇಲೆ ಅವನ ದನಿಯೇ ಉಡುಗಿತು. "ಡಾಕ್ಟ್ರ್ ಮೀಸಿದ್ದಕ್ಕೇ ಆದದ್ದ್ ಅಂದ್ರ್. ಹಾಂಗೇ ಇರ್ಲಿ ದೇವ್ರೆ ಅಂದ್ಕಂಡೆ. ಅತ್ತಿ ಮೇಲ್ ಬಂದ್ರೆ ನನ್ನ ಮೇಲ್ ಬಪ್ಪುದಿಲ್ಲ ಅಲ್ದಾ? ನಾಳೆ ಹಿರಿಯರ ಎದುರ್ ಇದನ್ನ ಹೇಳ್ರೆ ಮಗಿನ ನಂಗ್ ಯಾರ್ ಮುಟ್ಟುಕೆ ಬಿಡ್ತ್ರ್?"

ಈ ಮಾತು ಹೇಳಿದರೆ ಚಂದ್ರಾವತಿಯ ಮೇಲಿನ ಅಪವಾದ ಕಳಚುತ್ತದೆ, ಇವನ ಕೊರಳಿಗೆ ಬೀಳುತ್ತದೆ. ಹೇಳದಿದ್ದರೆ ಅವಳು ಮಗುವನ್ನು ಕಾಣುವುದಿಲ್ಲ, ಆ ಟ್ಯಾಂಕಿನ ಕೆಳಗೆ ಇನ್ನೊಬ್ಬಳು ಮಲಗುತ್ತಾಳೆ. ಡಾಕ್ಟರು ಆ ಬೆಳಿಗ್ಗೆ ಬೈಂದೂರಿನಲ್ಲಿದ್ದರು. ನೀರಿನ ವಿಷಯ ಅವರಿಗೆ ಗೊತ್ತಿತ್ತೇ, ಇಲ್ಲವೇ? ಉತ್ತರ ಸಿಗಬೇಕಾದರೆ ಒಂದೇ ದಾರಿ ಇತ್ತು.

"ಫೋನ್ ಮಾಡಿದ್ದ್ ಡಾಕ್ಟ್ರಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಮತ್ತೆ ಯಾರ್?"

"ನಾನ್ ಹೇಳ್ರೆ ನೀವ್ ನಂಬುದಿಲ್ಲೆ ಟೀಚರ್." ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟ. "ಆ ಆಸ್ಪತ್ರಿಯವ್ರೇ ಒಬ್ರ್, ನಿಮ್ಮ ಮನಿಯಲ್ಲಿ ಚಾ ಕುಡ್ದ್ ಹೋಪವ್ರ್. ಮೊನ್ನೆ ಕೂಡ ನಿಮ್ಮ ಜಗಲಿಯಲ್ಲಿ ಕೂಕಂಡದ್ದ್ ನಾನ್ ಕಂಡಿದ್ದೆ."

ಗುಡ್ಡ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಒಂದು ಹೆಜ್ಜೆ ಒಳಗೆ ಬಂದ.

"ಹೆಸರ್ ಹೇಳ್ ರೂಪೇಶ."

ಅವನು ಬಾಯಿ ತೆರೆದ. ಬಿಕ್ಕು ಬಂತು. ಗಂಡಸು ಅಷ್ಟು ಕೆಟ್ಟದಾಗಿ ಅತ್ತದ್ದನ್ನು ನಾನು ನೋಡಿರಲಿಲ್ಲ. ಆ ಹೆಸರು ನಾಳೆ ಹಿರಿಯರ ಎದುರಿಗೇ ಬರಲಿ ಎಂದು ಬಿಟ್ಟೆ.

ಚಂದ್ರಾವತಿ ಎದ್ದು ಒಳಗೆ ಹೋದಳು. ಒಲೆಯ ಹತ್ತಿರ ಪಾತ್ರೆಯ ಸದ್ದಾಯಿತು. ಹೊರಗೆ ಬಂದವಳ ಕೈಯಲ್ಲಿ ತಟ್ಟೆ ಇತ್ತು. ಬಿಸಿ ಕುಚ್ಚಲಕ್ಕಿ ಗಂಜಿ, ಪಕ್ಕದಲ್ಲಿ ಒಂದು ಮಾವಿನ ಮಿಡಿ. ಅವಳು ಅಳಿಯನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವನ ಎರಡೂ ಕೈಗಳನ್ನು ಬಿಡಿಸಿ, ತಟ್ಟೆಯನ್ನು ಅವುಗಳಲ್ಲಿಟ್ಟಳು.